ಚೆಂಡು ಮೇಲಿರುವಷ್ಟು ಹೊತ್ತು

ಈಗಿನ ಆಟಗಾರ್ತಿಯರು ದೂರದಿಂದ ಚೆಂಡು ಎಸೆಯುವುದನ್ನು ಕೊಂಚ ಕಡಿಮೆ ಮಾಡಬೇಕು ಎಂದು ನಾನು ಹೇಳಿದರೆ ಅದು ಹೊಟ್ಟೆಕಿಚ್ಚಿನ ಮಾತಲ್ಲ. ಮನೆಯಲ್ಲಿ ಅಡುಗೆ ತಡವಾಗುತ್ತದೆ, ಅದಕ್ಕೆ. ಹಿಂದೆಲ್ಲ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯ ಪೂರ್ತಿ ನೋಡಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿ, ಒಲೆಯ ಮೇಲೆ ಎಸರಿಡಬಹುದಿತ್ತು. ಈಗ ಎಲ್ಲರಿಗೂ ಗೆರೆಯಾಚೆಯಿಂದಲೇ ಎಸೆಯಬೇಕು, ಎಲ್ಲರಿಗೂ ಒಂದೇ ಏಟಿಗೆ ಮೂರು ಅಂಕ ಬೇಕು. ನಮ್ಮೂರಿನಲ್ಲಿ ಎಷ್ಟು ದೂರದಿಂದ ಎಸೆಯುತ್ತಾರೋ ಅಷ್ಟು ಹೊತ್ತು ಚೆಂಡು ಮೇಲೆ ನಿಂತಿರುತ್ತದೆ. ಹೀಗಾಗಿ ಜನ ಬುತ್ತಿ ಕಟ್ಟಿಕೊಂಡು ಪಂದ್ಯಕ್ಕೆ ಬರುವ ಕಾಲ ಬಂದಿದೆ.

ಬುಟ್ಟಿಯ ಕೆಳಗೇ ಹೋಗಿ ಎತ್ತಿ ಹಾಕಿದರೆ ಚೆಂಡು ಒಂದು ಸೀನು ಸೀನುವಷ್ಟು ಹೊತ್ತು ನಿಲ್ಲುತ್ತದೆ. ಫ್ರೀ ಥ್ರೋ ಆದರೆ ವೀಳ್ಯದೆಲೆಗೆ ಸುಣ್ಣ ಹಚ್ಚಿ ಮಡಿಸಿ ಬಾಯಿಗಿಡುವಷ್ಟು. ದೂರದ ಗೆರೆಯಿಂದಾದರೆ ಒಲೆಯ ಮೇಲಿಟ್ಟ ಹಾಲು ಉಕ್ಕಿ ಬರುವಷ್ಟು. ಅರ್ಧ ಕೋರ್ಟಿನಿಂದ ಯಾರಾದರೂ ಹುಚ್ಚುಹುಡುಗಿ ಎಸೆದಳೋ, ಗ್ಯಾಲರಿಯಲ್ಲಿ ಒಂದು ಸಣ್ಣ ನಿದ್ದೆ ತೆಗೆಯಬಹುದು. ರೆಫರಿ ಗಡಿಯಾರ ನಿಲ್ಲಿಸುತ್ತಾಳೆ, ಆಟಗಾರ್ತಿಯರು ಇದ್ದಲ್ಲೇ ನಿಂತು ಬೆವರು ಒರೆಸಿಕೊಳ್ಳುತ್ತಾರೆ. ಬೀಳುವ ಮುಂಚೆ ಚೆಂಡು ಒಂದು ಸಲ ಸಣ್ಣಗೆ ನಡುಗುತ್ತದೆ. ಆಗ ಎಲ್ಲರೂ ಮತ್ತೆ ಟೊಂಕ ಕಟ್ಟಿ ನಿಲ್ಲುತ್ತಾರೆ. ಹೊರಗಿನ ತಂಡದವರು ಮೊದಲ ಸಲ ಬಂದಾಗ ಹಾರಿ ಹಾರಿ ಅದನ್ನು ಬಡಿಯುತ್ತಾರೆ. ಅದು ಬೀಳುವುದಿಲ್ಲ. ಗಾಳಿಗೂ ಜಗ್ಗುವುದಿಲ್ಲ. ಒಂದು ವರ್ಷ ಬಿರುಗಾಳಿಗೆ ಗ್ಯಾಲರಿಯ ತಗಡೇ ಕಿತ್ತುಕೊಂಡು ಹಿಂದಿನ ಬೀದಿಗೆ ಹೋಗಿ ಬಿತ್ತು. ಅವತ್ತು ಮೇಲೆ ನಿಂತಿದ್ದ ಚೆಂಡು ಕೂದಲೆಳೆಯಷ್ಟೂ ಅಲುಗಲಿಲ್ಲ. ಅದನ್ನು ಊರೆಲ್ಲ ನೋಡಿದೆ.

ಇಷ್ಟು ಹೊತ್ತು ಸುಮ್ಮನೆ ಕೂತಿರಲು ಯಾರಿಗಾಗುತ್ತದೆ? ಮಾತು ಬಂದೇ ಬರುತ್ತದೆ. ಹಾಗೆ ಬಂದ ಮಾತಿಗೆ ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಚೆಂಡು ಮೇಲಿರುವಾಗ ಒಬ್ಬರು ಇನ್ನೊಬ್ಬರನ್ನು ಏನಾದರೂ ಕೇಳಿದರೆ, ಅದು ಬೀಳುವುದರೊಳಗೆ ಉತ್ತರ ಕೊಡಬೇಕು. ಕೊಟ್ಟ ಉತ್ತರಕ್ಕೆ ಆಮೇಲೆ ನಿಲ್ಲಬೇಕು. ಮನೆಬಾಗಿಲಲ್ಲಿ ವರ್ಷಗಟ್ಟಲೆ ಬಗೆಹರಿಯದ ಎಷ್ಟೋ ಮಾತುಗಳು ಕೋರ್ಟಿನ ಪಕ್ಕದಲ್ಲಿ ಬಗೆಹರಿದಿವೆ. ಮುನಿಸಿಕೊಂಡ ಅಕ್ಕತಂಗಿಯರು ಇಲ್ಲಿ ರಾಜಿಯಾಗಿದ್ದಾರೆ. ಕೇಳಿಸಿಕೊಳ್ಳಲು ಇಷ್ಟವಿಲ್ಲದವರೂ ಇರುತ್ತಾರೆ, ಅವರು ದೂರದ ಶಾಟ್ ಹೊರಟ ಕೂಡಲೇ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಾರೆ. ಗ್ಯಾಲರಿಯ ಹಿಂದಿನ ನಲ್ಲಿಯ ಹತ್ತಿರ ಯಾವಾಗ ನೋಡಿದರೂ ಮದುವೆ ವಯಸ್ಸಿನ ಗಂಡುಗಳ ಸಾಲು.

ನನ್ನ ಹೆಸರು ವಿಶಾಲಾಕ್ಷಿ. ಊರಿಗೆಲ್ಲ ಗಿರಣಿ ವಿಶಾಲಕ್ಕ. ಯಜಮಾನರು ಹೋದ ಮೇಲೆ ಹಿಟ್ಟಿನ ಗಿರಣಿಯನ್ನು ನಾನೇ ನಡೆಸುತ್ತಿದ್ದೇನೆ. ಕಲ್ಲಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ಗಂಟಲು ದೊಡ್ಡದಾಗಿದೆ; ನಾನು ಗುಟ್ಟು ಹೇಳಿದರೂ ಎದುರು ಮನೆಯವರು ಹೂಂ ಅನ್ನುತ್ತಾರೆ. ಇಂಥ ಗಂಟಲು ಇರುವವಳಿಗೆ ಅಭಿಪ್ರಾಯಗಳೂ ಇದ್ದುಬಿಟ್ಟರೆ ಗ್ಯಾಲರಿಯ ಗತಿ ಏನು ಎಂದು ನೀವೇ ಯೋಚಿಸಿ. ನನಗೆ ಅಭಿಪ್ರಾಯಗಳು ಬೇಕಾದಷ್ಟಿವೆ.

ನನ್ನ ಪಕ್ಕದಲ್ಲಿ ಕೂರುವವರು ರಹಮತ್ ಸಾಹೇಬರು. ನನ್ನ ಗಿರಣಿಯ ಪಕ್ಕದಲ್ಲೇ ಅವರ ಸೈಕಲ್ ಅಂಗಡಿ. ಅವರದು ಸಂಬಳದ ತಂಡಗಳ ಕಡೆ ಒಲವು, ಅದರಲ್ಲೂ ನಮ್ಮೂರ ಹೆಂಚಿನ ಕಾರ್ಖಾನೆಯ ತಂಡ ಎಂದರೆ ಪ್ರಾಣ. ನನ್ನದು ಕೋಟೆ ಕಾಲೇಜು. ದೂರದ ಚೆಂಡೊಂದು ಮೇಲೇರಿತು ಎಂದರೆ ನಮ್ಮಿಬ್ಬರ ವ್ಯಾಜ್ಯ ಶುರು.

"ಸಂಬಳ ತಗೊಂಡು ಆಡೋರ ಕಾಲುಗೆಲಸ ನೋಡಿ ವಿಶಾಲಕ್ಕ" ಅನ್ನುತ್ತಾರೆ ಸಾಹೇಬರು. "ನಿಮ್ಮ ಕಾಲೇಜು ಹುಡುಗೀರು ಚೆಂಡಿನ ಹಿಂದೆ ಓಡ್ತಾರೆ. ನಮ್ಮೋರು ಚೆಂಡು ಬರೋ ಜಾಗದಲ್ಲಿ ಮೊದಲೇ ನಿಂತಿರ್ತಾರೆ."

"ನಿಂತಿರ್ತಾರೆ, ಒಪ್ಪಿದೆ. ಕೂತಿರ್ತಾರೆ ಅನ್ನೋದನ್ನೂ ಹೇಳಿ. ಹೋದ ವಾರ ಗಿರಣಿ ಬಾಗಿಲು ಹಾಕ್ಕೊಂಡು ನಿಮ್ಮ ಲಾವಣ್ಯಾನ ನೋಡೋಕೆ ಅಂತ ಬಂದ್ರೆ, ಇಸ್ತ್ರಿ ಬಟ್ಟೆ ಹಾಕ್ಕೊಂಡು ಬೆಂಚ್ ಮೇಲೆ ಕೂತಿದ್ಳು. ವಿಶ್ರಾಂತಿಯಂತೆ! ನನ್ನ ಗಿರಣಿ ಕಲ್ಲಿಗೆ ಯಾರು ಕೊಡ್ತಾರೆ ಸಾಹೇಬ್ರೇ ವಿಶ್ರಾಂತಿ?"

"ಅವರಾದ್ರೂ ಕೂತಲ್ಲೇ ಕೂತಿರ್ತಾರೆ. ನಿಮ್ಮ ಕಾಲೇಜಿನೋರು ಜೂನ್ ಬಂತು ಅಂದ್ರೆ ಬಸ್ ಬದಲಾಯಿಸಿದ ಹಾಗೆ ಕಾಲೇಜು ಬದಲಾಯಿಸ್ತಾರೆ. ಒಂದು ಹುಡುಗಿ ಹೆಸರು ಬಾಯಿಗೆ ಬರೋಷ್ಟರಲ್ಲಿ ಇನ್ನೊಂದು ಬಣ್ಣದ ಬನಿಯನ್ ಹಾಕ್ಕೊಂಡು ಎದುರು ತಂಡದಲ್ಲಿ ನಿಂತಿರ್ತಾಳೆ."

ಆ ಮಾತು ನಿಜ. ಆದರೂ ನನ್ನ ಒಲವು ಕಾಲೇಜಿನ ಕಡೆಗೇ. ಕಾಲೇಜಿನವರು ತಪ್ಪು ಮಾಡುತ್ತಾರೆ, ಮಾಡಿ ನಾಲಿಗೆ ಕಚ್ಚಿಕೊಳ್ಳುತ್ತಾರೆ, ಸೋತರೆ ಅಳುತ್ತಾರೆ. ತನಗಿಂತ ಒಳ್ಳೆಯ ಜಾಗದಲ್ಲಿ ನಿಂತವಳಿಗೆ ಚೆಂಡು ದಾಟಿಸುತ್ತಾರೆ. ಸಂಬಳದವರದು ತೂಕ ಹಾಕಿದ ಆಟ. ಚೆಂದವಾಗಿರುತ್ತದೆ, ಆದರೆ ತೂಕ ಹಾಕುವುದನ್ನು ನಾನು ಬೆಳಗಿನಿಂದ ಸಂಜೆಯವರೆಗೆ ಗಿರಣಿಯಲ್ಲೇ ನೋಡುತ್ತೇನೆ.

ಕಾಲೇಜು ಆಟದಲ್ಲಿ ನನಗೆ ಹಿಡಿಸದ ಸಂಗತಿ ಒಂದೇ ಇತ್ತು. ಈಚೆಗೆ ವಯಸ್ಸಾದವರೆಲ್ಲ ಕಾಲೇಜು ತಂಡ ಸೇರತೊಡಗಿದ್ದರು. ಒಂದು ಪದವಿ ಮುಗಿಯಿತು ಎಂದರೆ ಇನ್ನೊಂದು, ಅದೂ ಮುಗಿದರೆ ಮತ್ತೊಂದು. ಹದಿನೆಂಟರ ಹುಡುಗಿಯ ಎದುರು ಮೂವತ್ತರ ಹೆಂಗಸು ನಿಂತರೆ ಅದು ಯಾವ ನ್ಯಾಯ? ಒಮ್ಮೆ ಹೊರ ಊರಿನ ಕಾಲೇಜೊಂದು ಅಂಥವಳೊಬ್ಬಳನ್ನು ಕರೆತಂದಿತ್ತು. ಅವಳ ಚೆಂಡು ಮೇಲೆ ನಿಂತಿದ್ದಾಗ ನಾನು ಎದ್ದು ನಿಂತು, "ಏನಮ್ಮಾ, ಮಕ್ಕಳನ್ನ ಯಾರ ಹತ್ರ ಬಿಟ್ಟು ಬಂದೆ?" ಎಂದು ಕೂಗಿದೆ. ಚೆಂಡು ಮೇಲಿರುವಾಗ ಕೇಳಿದ ಪ್ರಶ್ನೆಯಲ್ಲವೇ, ಅವಳು ಉತ್ತರ ಕೊಡಲೇಬೇಕಾಯಿತು. "ನಮ್ಮಮ್ಮನ ಹತ್ರ" ಅಂದಳು, ತಲೆ ತಗ್ಗಿಸಿ. ಗ್ಯಾಲರಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ.

ಈಗ ನನ್ನ ಸೊಸೆಯ ವಿಷಯ ಹೇಳಬೇಕು. ಅವಳ ಹೆಸರು ಸುಗುಣ. ಅವಳು ನಮ್ಮ ಮನೆಗೆ ಬಂದದ್ದೇ ಒಂದು ಚೆಂಡಿನ ದೆಸೆಯಿಂದ. ಆಗ ಅವಳು ಹೆಂಚಿನ ಕಾರ್ಖಾನೆಯ ತಂಡದಲ್ಲಿದ್ದಳು. ನನಗೆ ಆಗದ ತಂಡವಾದರೂ ಅವಳ ಆಟವನ್ನು ಮಾತ್ರ ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ. ಯಾರು ಎಲ್ಲಿಗೆ ಓಡುತ್ತಾರೆ ಎಂದು ಓಡುವವರಿಗಿಂತ ಮೊದಲು ಅವಳಿಗೆ ಗೊತ್ತಿರುತ್ತಿತ್ತು. ನನ್ನ ಮಗ ಸೋಮಶೇಖರ ಪಂಪ್‌ಸೆಟ್ ರಿಪೇರಿ ಮಾಡುವವನು. ಚೆಂಡಿಗೂ ಕುಂಬಳಕಾಯಿಗೂ ವ್ಯತ್ಯಾಸ ತಿಳಿಯದ ಪ್ರಾಣಿ. ಕಾರ್ಖಾನೆಯ ವಸತಿಯ ಬೀದಿಯಲ್ಲಿ ಪಂಪು ರಿಪೇರಿಗೆ ಹೋದಾಗ ಅವಳನ್ನು ನೋಡಿ ಬಂದಿದ್ದ, ಅವಳೂ ಇವನನ್ನು ನೋಡಿದ್ದಳು. ಇಬ್ಬರಿಗೂ ಬಾಯಿ ಮಾತ್ರ ಇರಲಿಲ್ಲ. ಬಾಯಿ ನನಗಿತ್ತು. ಅವಳು ದೂರದ ಗೆರೆಯಿಂದ ಎಸೆದ ಚೆಂಡು ಮೇಲೆ ನಿಂತಿದ್ದಾಗ ನಾನು ಗ್ಯಾಲರಿಯಿಂದ ಕೇಳಿಯೇಬಿಟ್ಟೆ. "ಸುಗುಣ, ಸೊಸೆಯಾಗಿ ನಮ್ಮನೆಗೆ ಬರ್ತೀಯಾ?"

ಅವಳು ತಲೆ ಎತ್ತಿ ಚೆಂಡನ್ನು ನೋಡಿದಳು. "ಬುಟ್ಟಿಗೆ ಬಿದ್ರೆ ಬರ್ತೀನಿ" ಅಂದಳು.

ಅವಳ ಚೆಂಡು ತಪ್ಪುವುದು ಅಪರೂಪ. ಅವತ್ತು ತಪ್ಪಿತು. ರಿಂಗಿಗೆ ಬಡಿದು ಆಚೆ ಹೋಯಿತು. ಕೊಟ್ಟ ಉತ್ತರಕ್ಕೆ ನಿಲ್ಲಬೇಕಲ್ಲ, ನಾನು ಮುಖ ಸಣ್ಣ ಮಾಡಿಕೊಂಡು ಮನೆಗೆ ಬಂದೆ. ಮಗ ಅವತ್ತು ಊಟ ಬೇಡ ಅಂದ. ಒಂದು ವಾರ ಕಳೆದಿರಬೇಕು, ಗಿರಣಿ ಓಡುತ್ತಿದ್ದಾಗ ಬಾಗಿಲಲ್ಲಿ ರಾಗಿಯ ಚೀಲ ಹಿಡಿದುಕೊಂಡು ಅವಳೇ ನಿಂತಿದ್ದಳು. ಏನೋ ಹೇಳಿದಳು, ಸದ್ದಿನಲ್ಲಿ ಕೇಳಲಿಲ್ಲ. ನಾನು ಮೋಟಾರು ನಿಲ್ಲಿಸಿದೆ.

"ಅವತ್ತು ಗಾಳಿ ಇತ್ತು" ಅಂದಳು.

ಬಿರುಗಾಳಿಗೂ ಅಲುಗದ ಚೆಂಡನ್ನು ಕಣ್ಣಾರೆ ಕಂಡವಳು ನಾನು. "ಇತ್ತು ತಾಯಿ, ಇತ್ತು" ಅಂದೆ. ಪಕ್ಕದ ಅಂಗಡಿಯಲ್ಲಿ ಸೈಕಲ್ಲಿಗೆ ಪಂಪು ಹೊಡೆಯುತ್ತಿದ್ದ ರಹಮತ್ ಸಾಹೇಬರು, "ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ" ಎಂದು ನಕ್ಕರು. ನಕ್ಕವರೇ ಮದುವೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತು ಬಡಿಸಿದರು. ಆ ಹುಡುಗಿ ಹೇಳಿದ ಆ ಒಂದು ಸುಳ್ಳಿಗೆ ನಾನು ಇವತ್ತಿಗೂ ಋಣಿ. ಆ ಸುಳ್ಳು ಇಲ್ಲದಿದ್ದರೆ ನಮ್ಮ ಮನೆ ಮನೆಯಂತಿರುತ್ತಿರಲಿಲ್ಲ.

ಮೊಮ್ಮಗಳು ಮಲ್ಲಿ ಹುಟ್ಟಿದ ಮೇಲೆ ಸುಗುಣ ಮತ್ತೆ ಆಡಲು ಹೋದಳು. ಒಂದು ಸಂಜೆ ರೀಬೌಂಡಿಗೆ ಹಾರಿ ಇಳಿಯುವಾಗ ಅವಳ ಬಲ ಮೊಣಕಾಲು ಮುರಿಯಿತು. ಅಷ್ಟು ಜನರ ಗದ್ದಲದಲ್ಲೂ ಆ ಸದ್ದು ನನಗೆ ಕೇಳಿಸಿತು. ವಾಸಿಯಾಗಲು ವರ್ಷ ಬೇಕು ಅಂದರು ಡಾಕ್ಟರು. ಕಾರ್ಖಾನೆಯವರು ಕಾಯಲಿಲ್ಲ. ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಸಂಬಳದ ಆಟದ ಬಗ್ಗೆ ನನ್ನ ಅಭಿಪ್ರಾಯ ಏನೆಂದು ಯಾರಾದರೂ ಕೇಳಿದರೆ ನಾನು ಆ ಗಡಿಯಾರವನ್ನು ತೋರಿಸುತ್ತೇನೆ. ಬಚ್ಚಲಿಗೂ ಗೋಡೆ ಹಿಡಿದುಕೊಂಡು ಹೋಗುತ್ತಿದ್ದ ಅವಳನ್ನು ತಿಂಗಳುಗಟ್ಟಲೆ ನೋಡಿದ್ದೇನೆ. ಇನ್ನೊಮ್ಮೆ ಅದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಕಾಲು ವಾಸಿಯಾಯಿತು. ಆದರೆ ಅವಳು ಕೋರ್ಟಿನ ಕಡೆ ತಲೆ ಹಾಕಲಿಲ್ಲ. ನನಗೆ ಬುತ್ತಿ ಕಟ್ಟಿ ಕಳಿಸಿ, ಗಿರಣಿಯಲ್ಲಿ ತೂಕದ ಹತ್ತಿರ ಕೂತುಬಿಡುತ್ತಿದ್ದಳು. ನಾನು ಮನೆಗೆ ಬಂದ ಮೇಲೆ, ರೊಟ್ಟಿ ತಟ್ಟುತ್ತಾ, "ಹೇಳಿ ಅತ್ತೆ" ಅನ್ನುತ್ತಿದ್ದಳು. ನಾನು ಪಂದ್ಯ ಹೇಳುತ್ತಿದ್ದೆ. ಉಪ್ಪಿನ ಭರಣಿಯೇ ಬುಟ್ಟಿ, ಈರುಳ್ಳಿಗಳು ನಮ್ಮವರು, ಬೆಳ್ಳುಳ್ಳಿಗಳು ಎದುರಿನವರು. ಹಿಟ್ಟಿನ ಕೈಯಲ್ಲಿ ಒಂದು ಈರುಳ್ಳಿಯನ್ನು ಈಚೆ ಸರಿಸಿ, "ಎಡಗಡೆಯೋಳು ಒಂದು ಹೆಜ್ಜೆ ಬೇಗ ಒಳಗೆ ಬಂದಿರ್ತಾಳೆ ಅತ್ತೆ, ಅದಕ್ಕೇ ಪಾಸ್ ಹೋಗಿಲ್ಲ" ಅನ್ನುವಳು. ನೆನಪು ಮಾಡಿಕೊಂಡರೆ ಹೌದು, ಹಾಗೆಯೇ ಆಗಿರುತ್ತಿತ್ತು. ಮುಂದಿನ ಪಂದ್ಯದಲ್ಲಿ ನಾನು ಅದನ್ನೇ ಗತ್ತಿನಿಂದ ಸಾಹೇಬರಿಗೆ ಒಪ್ಪಿಸುತ್ತಿದ್ದೆ. ಗ್ಯಾಲರಿಯವರು ತಲೆದೂಗುವ ನನ್ನ ಅಭಿಪ್ರಾಯಗಳಲ್ಲಿ ಅರ್ಧಕ್ಕರ್ಧ ರೊಟ್ಟಿ ಹಂಚಿನ ಪಕ್ಕದಲ್ಲಿ ಹುಟ್ಟಿದವು.

ಹೀಗಿರುವಾಗ ಕೋಟೆ ಕಾಲೇಜಿನ ಕೋಚ್ ಫಿಲೋಮಿನಾ ಮೇಡಂ ಒಂದು ದಿನ ಗೋಧಿ ಬೀಸಿಸಲು ಗಿರಣಿಗೆ ಬಂದರು. ಹಿಟ್ಟು ತುಂಬುತ್ತಿದ್ದ ಸುಗುಣಳಿಗೆ, "ನೋಡು, ಎಂ.ಎ.ಗೆ ಸೇರ್ಕೋ. ನಮ್ಮ ತಂಡಕ್ಕೆ ಬಾ. ನಿಯಮದಲ್ಲಿ ನಿನಗಿನ್ನೂ ಎರಡು ವರ್ಷ ಅವಕಾಶ ಇದೆ. ಓಡೋರು ನನ್ನ ಹತ್ರ ಬೇಕಾದಷ್ಟು ಜನ ಇದಾರೆ, ನೋಡಿ ಆಡೋರು ಒಬ್ರೂ ಇಲ್ಲ" ಅಂದರು.

ಸುಗುಣಳ ಕೈ ಹಿಟ್ಟಿನಲ್ಲೇ ನಿಂತಿತು. ಅವಳ ಕಣ್ಣು ಹೊಳೆದದ್ದನ್ನು ನಾನು ನೋಡಿದೆ. ಆಮೇಲೆ ಅವಳು ನನ್ನ ಕಡೆ ತಿರುಗಿದಳು. ನನ್ನ ಕಿವಿಯಲ್ಲಿ ಮೊಣಕಾಲಿನ ಆ ಸದ್ದು ಮತ್ತೆ ಕೇಳಿಸಿತು. ಬೇಡ ಅನ್ನಲು ಮನಸ್ಸಾಗಲಿಲ್ಲ, ಹೋಗು ಅನ್ನಲು ಬಾಯಿ ಬರಲಿಲ್ಲ. "ನಂದೇನಿದೆ, ನಿನ್ನಿಷ್ಟ" ಅಂದೆ. ಅತ್ತೆಯಾದವಳು ನಿನ್ನಿಷ್ಟ ಅಂದರೆ ಏನೆಂದು ಸೊಸೆಯಾದವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅವಳು ಕಾಲೇಜು ಸೇರಿದಳು, ತಂಡವನ್ನೂ ಸೇರಿದಳು. ಆದರೆ ಆ ವರ್ಷ ಪೂರ್ತಿ ಬೆಂಚಿನ ಕೊನೆಯಲ್ಲಿ, ಬನಿಯನ್ನಿನ ಮೇಲೆ ಶಾಲು ಹೊದ್ದುಕೊಂಡು ಕೂತಳು. ಮೇಡಂ ಕೈ ಸನ್ನೆ ಮಾಡಿದಾಗಲೆಲ್ಲ ತಲೆಯಾಡಿಸಿಬಿಡುವಳು. ಪ್ರತಿ ಸಲವೂ ನನ್ನ ಎದೆ ಹಗುರಾಗುತ್ತಿತ್ತು, ಆಮೇಲೆ ಅದಕ್ಕೇ ನಾಚಿಕೆಯೂ ಆಗುತ್ತಿತ್ತು. ಸಾಹೇಬರು ಸುಮ್ಮನಿರುವವರಲ್ಲ. "ಏನು ವಿಶಾಲಕ್ಕ, ಈ ವರ್ಷ ವಯಸ್ಸಾದೋರ ಸುದ್ದೀನೇ ಎತ್ತಲಿಲ್ಲ ನೀವು?" ಎಂದು ಕಡಲೆಕಾಯಿ ಸಿಪ್ಪೆ ಉದುರಿಸುತ್ತಾ ಕೇಳಿದರು. ನಾನು ಕೇಳಿಸದವಳಂತೆ ಕೂತೆ. ಪುಣ್ಯಕ್ಕೆ ಆಗ ಚೆಂಡು ಮೇಲಿರಲಿಲ್ಲ.

ಒಂದು ದಿನ ರೊಟ್ಟಿಯ ಹೊತ್ತಿನಲ್ಲಿ ತಡೆಯಲಾರದೆ ಕೇಳಿದೆ. "ಅಲ್ಲ ಕಣೇ, ಸೇರಿದ ಮೇಲೆ ಇಳಿದು ಆಡಬಾರದಾ? ಕಾಲು ನೋಯುತ್ತಾ?"

ಅವಳು ರೊಟ್ಟಿ ತಿರುವಿ ಹಾಕಿದಳು. "ಕಾಲು ನೋಯಲ್ಲ ಅತ್ತೆ. ಆವತ್ತು ಆ ಹೆಂಗಸಿಗೆ ನೀವು ಮಕ್ಕಳ ವಿಷಯ ಕೂಗಿದ್ರಲ್ಲ, ಅದು ಗಿರಣಿ ತನಕ ಕೇಳಿಸಿತ್ತು. ಮಲ್ಲಿ ನನ್ನ ತೊಡೆ ಮೇಲಿದ್ಳು" ಅಂದಳು. ಸಿಟ್ಟಿನಿಂದ ಹೇಳಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ. ಅವಳು ಉಪ್ಪು ಸ್ವಲ್ಪ ಕಮ್ಮಿಯಾಗಿದೆ ಎಂದು ಹೇಳುವವಳಂತೆ ಹೇಳಿದಳು.

ನಮ್ಮೂರಿನಲ್ಲಿ ವರ್ಷಕ್ಕೊಮ್ಮೆ ಸಂಬಳದ ತಂಡಗಳೂ ಕಾಲೇಜು ತಂಡಗಳೂ ಒಟ್ಟಿಗೆ ಆಡುವ ಕಪ್ ಇದೆ. ಆ ವರ್ಷದ ಕೊನೆಯಲ್ಲಿ ಅದರ ಫೈನಲ್ಲಿಗೆ ಬಂದವರು ಹೆಂಚಿನ ಕಾರ್ಖಾನೆ ಮತ್ತು ಕೋಟೆ ಕಾಲೇಜು. ಮಧ್ಯಾಹ್ನವೇ ಗ್ಯಾಲರಿ ತುಂಬಿತು. ನಾನು ಮಲ್ಲಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸಾಲಿನಲ್ಲಿದ್ದೆ. ಗಾಳಿಯೆಂಬುದು ಸತ್ತು ಹೋಗಿದ್ದ ದಿನ. ಕೋರ್ಟಿನ ಪಕ್ಕದ ಹೊಂಗೆ ಮರ ಚಿತ್ರದ ಮರದ ಹಾಗೆ ನಿಂತಿತ್ತು, ಜನ ಬೀಸಣಿಗೆ ಆಡಿಸುತ್ತಾ ಕೂತಿದ್ದರು.

ಕಾಲೇಜಿನವರು ಚೆನ್ನಾಗಿಯೇ ಆಡಿದರು, ಆದರೆ ಫೌಲ್ ಮಾಡಿ ಮಾಡಿ ಒಬ್ಬೊಬ್ಬರೇ ಹೊರಗೆ ಬಂದರು. ಕೊನೆಕೊನೆಗೆ ಬೆಂಚಿನಲ್ಲಿ ಇಳಿಯಲು ಉಳಿದವಳು ಸುಗುಣ ಒಬ್ಬಳೇ. ಅಂಥ ಹೊತ್ತಿನಲ್ಲಿ ಕಾರ್ಖಾನೆಯ ಲಾವಣ್ಯ ಬಹಳ ದೂರದಿಂದ ಚೆಂಡೆಸೆದಳು. ಅದನ್ನು ತಡೆಯಲು ಹಾರಿದ ನಮ್ಮ ಕಾಲೇಜಿನ ಹುಡುಗಿ ಪಾದ ಉಳುಕಿಸಿಕೊಂಡು ನೆಲದ ಮೇಲೆ ಕೂತಳು. ಚೆಂಡು ಮೇಲೇರಿ ನಿಂತಿತು. ಫಿಲೋಮಿನಾ ಮೇಡಂ ಬೆಂಚಿನ ಕಡೆ ತಿರುಗಿ ಸನ್ನೆ ಮಾಡಿದರು. ಸುಗುಣ ತಲೆಯಾಡಿಸಲಿಲ್ಲ. ಎದ್ದು ನಿಂತಳು. ಆದರೆ ಕೋರ್ಟಿಗೆ ಇಳಿಯಲೂ ಇಲ್ಲ. ಗೆರೆಯ ಮೇಲೆ ನಿಂತು, ಅಷ್ಟು ಜನರ ನಡುವೆ ನನ್ನನ್ನು ಹುಡುಕಿ, ಕೇಳಿದಳು.

"ಅತ್ತೆ, ನಾನು ಆಡಲಾ?"

ಇಡೀ ಗ್ಯಾಲರಿ ನನ್ನ ಕಡೆ ತಿರುಗಿತು. ನನ್ನ ಬಾಯಿಂದ ಅಭ್ಯಾಸಬಲದಿಂದ, "ನಿನ್ನಿಷ್..." ಎಂದು ಹೊರಟೇಬಿಟ್ಟಿತ್ತು.

"ಅದು ಉತ್ತರ ಅಲ್ಲ!" ಎಂದು ಮೇಲಿನ ಸಾಲಿನವರು ಕೂಗಿದರು. "ಹೌದು ಅನ್ನಿ, ಇಲ್ಲ ಅನ್ನಿ!" ರಹಮತ್ ಸಾಹೇಬರು ಕಡಲೆಕಾಯಿ ಪೊಟ್ಟಣ ಕೆಳಗಿಟ್ಟು, ಮೆಲ್ಲಗೆ, "ವಿಶಾಲಕ್ಕ, ಬೇಗ" ಅಂದರು.

ಇಳಿ ಅಂದು ಅವಳ ಕಾಲು ಮತ್ತೆ ಹೋದರೆ ಅದು ನನ್ನ ತಲೆಯ ಮೇಲೆ. ಬೇಡ ಅಂದರೆ ಅವಳು ಮತ್ತೆಂದೂ ಕೇಳುವುದಿಲ್ಲ, ಉತ್ತರ ಉತ್ತರವೇ. ಮಲ್ಲಿ ನನ್ನ ಗಲ್ಲ ಹಿಡಿದು ಅಲ್ಲಾಡಿಸಿದಳು. ಮೇಲೆ ಚೆಂಡು ಸಣ್ಣಗೆ ನಡುಗಿತು.

"ಇಳಿ!" ಎಂದು ಕೂಗಿದೆ. "ಇಳಿ ಸುಗುಣ, ಆಡು! ಮಕ್ಕಳನ್ನ ಯಾರ ಹತ್ರ ಬಿಟ್ಟು ಬಂದೆ ಅಂತ ಯಾರಾದ್ರೂ ಬಾಯಿ ಬಿಟ್ರೆ ನನ್ನ ಕಡೆ ಕೈ ತೋರ್ಸು! ಕಾಲು ಹೋದ್ರೆ ನಾನು ಗೋಡೆ ಥರ ನಿಂತಿರ್ತೀನಿ, ಹಿಡ್ಕೊಂಡು ನಡಿ!"

ಚೆಂಡು ಬಿತ್ತು. ಬುಟ್ಟಿಯೊಳಗೇ ಬಿತ್ತು, ಕಾರ್ಖಾನೆಗೆ ಮೂರು ಅಂಕ. ಅದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ. ಸುಗುಣ ಶಾಲನ್ನು ಮಡಿಸಿ ಬೆಂಚಿನ ಮೇಲಿಟ್ಟು ಕೋರ್ಟಿಗೆ ಇಳಿದಳು.

ಅವಳು ಹಾರಲಿಲ್ಲ, ಜೋರಾಗಿ ಓಡಲೂ ಇಲ್ಲ. ಕೋರ್ಟಿನ ನಡುವೆ ಅಡುಗೆಮನೆಯಲ್ಲಿ ಓಡಾಡುವವಳಂತೆ ಓಡಾಡಿದಳು. ಒಬ್ಬಳಿಗೆ ಈ ಕಡೆ, ಇನ್ನೊಬ್ಬಳಿಗೆ ಆ ಕಡೆ ಎಂದು ಕೈ ತೋರಿಸುವಳು, ಅವರು ಅಲ್ಲಿಗೆ ಹೋಗುವಷ್ಟರಲ್ಲಿ ಚೆಂಡು ಅಲ್ಲಿರುತ್ತಿತ್ತು. ರೊಟ್ಟಿ ಹಿಟ್ಟಿನ ಪಕ್ಕದಲ್ಲಿ ಸರಿದಾಡಿದ ಈರುಳ್ಳಿಗಳೆಲ್ಲ ಕಾಲು ಬಂದು ಓಡುತ್ತಿವೆ ಅನ್ನಿಸಿತು ನನಗೆ. ಹಿಂದೆ ಬಿದ್ದಿದ್ದ ಕೋಟೆ ಕಾಲೇಜು ಮೆಲ್ಲಮೆಲ್ಲಗೆ ಹತ್ತಿರ ಬಂತು. ಎಲ್ಲ ಬುಟ್ಟಿಯ ಕೆಳಗಿನ ಸಣ್ಣ ಸಣ್ಣ ಶಾಟ್‌ಗಳು, ಒಂದೊಂದೂ ಒಂದು ಸೀನಿನಷ್ಟು ಹೊತ್ತು. ನನಗೆ ಇಷ್ಟವಾದ ಆಟ ಎಂದರೆ ಅದೇ. ರಹಮತ್ ಸಾಹೇಬರು ತಮ್ಮ ತಂಡವನ್ನು ಮರೆತು, "ವಾಹ್ ಬೇಟಿ" ಅಂದದ್ದನ್ನು ನನ್ನೆರಡು ಕಿವಿಗಳಿಂದ ಕೇಳಿದ್ದೇನೆ.

ಇನ್ನೇನು ಗಡಿಯಾರ ಮುಗಿಯುತ್ತದೆ ಅನ್ನುವಾಗ ನಾವು ಎರಡು ಅಂಕ ಹಿಂದಿದ್ದೆವು. ಚೆಂಡು ಸುಗುಣಳ ಕೈಗೆ ಬಂತು. ಅವಳು ಯಾರಿಗಾದರೂ ದಾಟಿಸಿಯೇ ದಾಟಿಸುತ್ತಾಳೆ ಎಂದು ಕಾರ್ಖಾನೆಯವರೆಲ್ಲ ಒಳಗೆ ನುಗ್ಗಿ ಉಳಿದ ನಾಲ್ವರನ್ನು ಕಟ್ಟಿಹಾಕಿದರು. ಅವಳನ್ನು ತಡೆಯಲು ಯಾರೂ ನಿಲ್ಲಲಿಲ್ಲ. ಅವರೇ ಶಾಲು ಹೊದಿಸಿ ಕಳಿಸಿದ ಮೊಣಕಾಲಿಗೆ ಯಾರು ಹೆದರುತ್ತಾರೆ? ಅವಳು ದೂರದ ಗೆರೆಯ ಹಿಂದೆ ಒಂಟಿಯಾಗಿ ನಿಂತು, ಒಮ್ಮೆ ಬುಟ್ಟಿಯನ್ನು ನೋಡಿ, ಎಸೆದಳು. ಕಾಲು ನೆಲ ಬಿಟ್ಟಿತೋ ಇಲ್ಲವೋ ಅನ್ನುವ ಹಾಗೆ ಎಸೆದಳು. ಚೆಂಡು ಏರಿತು, ಏರಿ ನಿಂತಿತು.

ದೂರದಿಂದ ಎಸೆಯುವವರನ್ನು ಜನ್ಮವಿಡೀ ಬೈದವಳು ನಾನು. ಅವತ್ತು ಮೊದಲ ಸಲ ಆ ದೂರಕ್ಕೆ ಕೈಮುಗಿಯಬೇಕು ಅನ್ನಿಸಿತು. ಹಾಲು ಉಕ್ಕುವಷ್ಟು ಹೊತ್ತು ಸಿಕ್ಕಿತಲ್ಲ, ಅವಳನ್ನು ಕಣ್ತುಂಬ ನೋಡಿದೆ. ಬನಿಯನ್ನಿನ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಅವಳು ಸೊಂಟದ ಮೇಲೆ ಕೈಯಿಟ್ಟು ಎರಡೂ ಕಾಲಿನ ಮೇಲೆ ನೆಟ್ಟಗೆ ನಿಂತಿದ್ದಳು. ಮಗಳು ಅಮ್ಮನನ್ನು ನೋಡುತ್ತಿದ್ದಳು. ಇಂಥದೊಂದನ್ನು ನನಗೆ ತೋರಿಸಿದ ಊರಿಗೆ, ಈ ಆಟಕ್ಕೆ, ಕಾಲೇಜಿಗೆ, ಹಾಳು ಕಾರ್ಖಾನೆಗೂ ಕೂಡ, ಎಲ್ಲರಿಗೂ ಒಳ್ಳೆಯದಾಗಲಿ ಅನ್ನಿಸಿತು. ಹಾಗೆ ಮನಸ್ಸು ತುಂಬಿಬಂದಾಗಲೇ ನನ್ನ ಬಾಯಿ ಕೆಲಸ ಕೆಡಿಸುವುದು.

"ಸುಗುಣ, ಮುಂದಿನ ವರ್ಷಾನೂ ಆಡ್ತೀಯಾ?" ಎಂದು ಕೇಳಿಬಿಟ್ಟೆ.

ಅವಳು ತಲೆ ಎತ್ತಿ ಚೆಂಡನ್ನು ನೋಡಿದಳು. ಅವಳ ಮುಖದಲ್ಲಿ ಹಳೆಯ ನಗು ಬಂತು. "ಬಿದ್ರೆ ಆಡ್ತೀನಿ ಅತ್ತೆ" ಅಂದಳು.

ಯಾವ ಕೇಡುಗಾಲಕ್ಕೆ ಕೇಳಿದೆನೋ! ಕೇಳದಿದ್ದರೆ ಬಿದ್ದರೂ ಬೀಳದಿದ್ದರೂ ಅವಳ ಪಾಡಿಗೆ ಅವಳು ಆಡಿಕೊಂಡಿರುತ್ತಿದ್ದಳು. ಈಗ ಅದು ಬೀಳಲೇಬೇಕು. ಮಲ್ಲಿಯನ್ನು ಅಪ್ಪಿಕೊಂಡು ನನಗೆ ಗೊತ್ತಿದ್ದ ದೇವರುಗಳನ್ನೆಲ್ಲ ನೆನೆದೆ. ಪಕ್ಕದಲ್ಲಿ ಸಾಹೇಬರ ತುಟಿಯೂ ಅಲುಗುತ್ತಿತ್ತು. ಅವರು ಬೇಡಿಕೊಂಡದ್ದು ಯಾವ ತಂಡಕ್ಕಾಗಿ ಎಂದು ನಾನು ಇವತ್ತಿನವರೆಗೆ ಕೇಳಿಲ್ಲ.

ಚೆಂಡು ನಡುಗಿತು. ಇಳಿದು ಬಂದು ರಿಂಗಿನ ಮೇಲೆ ಕೂತಿತು. ಒಂದು ಸುತ್ತು ಸುತ್ತಿತು, ಒಳಕ್ಕೆ ವಾಲಿತು, ಇನ್ನೊಮ್ಮೆ ಯೋಚಿಸಿತು. ಆಮೇಲೆ ಆಚೆ ಕಡೆ ಉರುಳಿ ನೆಲಕ್ಕೆ ಬಿತ್ತು.

ರೆಫರಿ ಸೀಟಿ ಊದಿದಳು. ಕಾರ್ಖಾನೆಯವರು ಗೆದ್ದಿದ್ದರು. ಆದರೆ ಅವರೂ ಕುಣಿಯಲಿಲ್ಲ, ಸುಗುಣ ಕೊಟ್ಟ ಉತ್ತರವನ್ನು ಎಲ್ಲರೂ ಕೇಳಿಸಿಕೊಂಡಿದ್ದರು. ಅವಳು ನಿಂತಲ್ಲೇ ನಿಂತು ಉರುಳುತ್ತಿದ್ದ ಚೆಂಡನ್ನು ನೋಡಿದಳು. ಬೆಂಚಿನ ಹತ್ತಿರ ಹೋಗಿ ಮಡಿಸಿಟ್ಟ ಶಾಲನ್ನು ಕೈಗೆ ತೆಗೆದುಕೊಂಡಳು.

ನಾನು ಮಲ್ಲಿಯನ್ನು ಸಾಹೇಬರ ಕೈಗೆ ಕೊಟ್ಟು ಎದ್ದು ನಿಂತೆ.

"ಗಾಳಿ ಇತ್ತು!" ಎಂದು ಕೂಗಿದೆ.

ಬೀಸಣಿಗೆ ಆಡಿಸುತ್ತಿದ್ದವರ ಕೈ ನಿಂತಿತು. ರೆಫರಿ ನನ್ನನ್ನು ನೋಡಿದಳು, ಮೇಡಂ ನನ್ನನ್ನು ನೋಡಿದರು. ನನ್ನ ಪಕ್ಕದಲ್ಲಿ ರಹಮತ್ ಸಾಹೇಬರು ಮಲ್ಲಿಯನ್ನೆತ್ತಿಕೊಂಡು ನಿಧಾನವಾಗಿ ಎದ್ದು ನಿಂತರು. ತಲೆಯ ಟೋಪಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡರು.

"ಇತ್ತು, ಇತ್ತು" ಅಂದರು ಗಟ್ಟಿಯಾಗಿ. "ನನ್ನ ಟೋಪಿ ಹಾರ್ಕೊಂಡು ಹೋಗೋದ್ರಲ್ಲಿತ್ತು."

"ನನ್ನ ಸೆರಗು ನಿಲ್ತಾನೇ ಇರ್ಲಿಲ್ಲ" ಅಂದಳು ಹಿಂದಿನ ಸಾಲಿನಲ್ಲೊಬ್ಬಳು. ಇನ್ಯಾರೋ ಬೀಸಣಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಇಂಥ ಗಾಳಿಯನ್ನು ತಮ್ಮ ಜನ್ಮದಲ್ಲೇ ಕಂಡಿಲ್ಲ ಅಂದರು. ಕೋರ್ಟಿನಲ್ಲಿ ಕಪ್‌ಗಾಗಿ ಕಾಯುತ್ತಿದ್ದ ಲಾವಣ್ಯ ಕಣ್ಣುಜ್ಜಿಕೊಂಡು, "ನನ್ನ ಕಣ್ಣಿಗೆ ಧೂಳೇ ಬಿತ್ತು ಅಕ್ಕಾ" ಅಂದಳು.

ಸುಗುಣ ಹೊಂಗೆ ಮರವನ್ನು ನೋಡಿದಳು. ಅದರ ಒಂದೆಲೆಯೂ ಅಲುಗುತ್ತಿರಲಿಲ್ಲ. ಆಮೇಲೆ ನನ್ನನ್ನು ನೋಡಿದಳು, ನೋಡುತ್ತಲೇ ಇದ್ದಳು. ಕೈಯಲ್ಲಿದ್ದ ಶಾಲನ್ನು ಬೆಂಚಿನ ಮೇಲೆ ಬಿಟ್ಟು, ಎಲ್ಲಿಗೂ ಹಾರಿರದ ಮುಂಗೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು, "ಹೌದತ್ತೆ, ಜೋರು ಗಾಳಿ" ಅಂದಳು.